ಹೆಂಚಿನ ಮನೆಯ ಹೋಮ್ ಥಿಯೇಟರ್: ರಿಸೀವರಿನ ರೂಮ್ ಈಕ್ವಲೈಸೇಶನ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯ ಹಜಾರದಲ್ಲಿ ನಾನು ಮೊದಲ ಸಲ ರಿಸೀವರಿಗೆ (ಸ್ಪೀಕರುಗಳಿಗೆಲ್ಲ ಸದ್ದು ಹಂಚುವ ಯಂತ್ರಕ್ಕೆ) ಮೈಕ್ ಸಿಕ್ಕಿಸಿ ಅಳತೆ ಮಾಡಿಸಿದ್ದು ಆಷಾಢದ ಒಂದು ಸಂಜೆ. ಹೆಂಚಿನ ಮೇಲೆ ಮಳೆ ಬಡಿಯುತ್ತಿತ್ತು. ಸುತ್ತಲಿನ ಸದ್ದು ಹೆಚ್ಚಾಗಿದೆ ಎಂದು ಯಂತ್ರ ಎರಡು ಸಲ ಗೊಣಗಿತು. ಮೂರನೆಯ ಸಲ, ಮಳೆ ಸ್ವಲ್ಪ ಹೊಳವಾದಾಗ, ಒಪ್ಪಿಕೊಂಡಿತು. ಅಂದು ರಾತ್ರಿ ಸಿನಿಮಾ ಹಾಕಿದರೆ ಅಡುಗೆಮನೆಯ ಗೂಡಿನಲ್ಲಿದ್ದ ಲೋಟಗಳು ನಡುಗಿದವು. ಪಾತ್ರಗಳ ಮಾತು ಮಾತ್ರ ಕಂಬಳಿ ಹೊದ್ದುಕೊಂಡು ಆಡಿದಂತೆ ಕೇಳಿತು. "ಗುಡುಗಿಗೆ ದುಡ್ಡು ಕೊಟ್ಟು ಬಂದೆಯಾ? ಹೊರಗೆ ಪುಕ್ಕಟೆ ಸಿಗುತ್ತದಲ್ಲ" ಎಂದರು ಅಮ್ಮ.

ತಪ್ಪು ಯಂತ್ರದ್ದಾಗಿರಲಿಲ್ಲ. ಸೋಫಾ ಹಿಂದಿನ ಗೋಡೆಗೆ ಅಂಟಿತ್ತು, ಸಬ್‌ವೂಫರ್ (ಮಂದ್ರಕ್ಕೆ, ಅಂದರೆ ಕೆಳ ಸ್ವರಗಳಿಗೆಂದೇ ಇರುವ ಸ್ಪೀಕರ್) ಮೂಲೆಯಲ್ಲಿ ಮರದ ಪೆಟ್ಟಿಗೆಯ ಹಿಂದೆ ಅಡಗಿತ್ತು, ಮೈಕನ್ನು ನಾನು ಕೈಯಲ್ಲಿ ಹಿಡಿದು ನಿಂತಿದ್ದೆ. ಆ ಸಂಜೆಯ ನಂತರ ನಮ್ಮ ಮನೆಯಲ್ಲೂ, ಶಿವಮೊಗ್ಗದ ವಿನೋಬನಗರದಲ್ಲಿರುವ ಭಾವಮೈದುನನ ಆರ್‌ಸಿಸಿ ಕೋಣೆಯಲ್ಲೂ ಎಷ್ಟೋ ಸಲ ಅಳತೆ ಮಾಡಿದ್ದೇನೆ. ಮೈಕು ರಿಸೀವರಿನ ಕಿವಿ. ಆ ಕಿವಿಗೆ ನೆಟ್ಟಗೆ ಕೇಳಿಸುವಂತೆ ಮಾಡುವುದೇ ನಮ್ಮ ಪಾಲಿನ ಕೆಲಸ, ಲೆಕ್ಕವನ್ನು ಅದೇ ಮಾಡಿಕೊಳ್ಳುತ್ತದೆ.

ಯಂತ್ರ ಏನು ಮಾಡುತ್ತದೆ, ಏನು ಮಾಡಲಾರದು

ಮೈಕಿನಿಂದ ಕೋಣೆಯನ್ನು ಅಳೆದು ಸದ್ದನ್ನು ತಿದ್ದುವುದೇ ರೂಮ್ ಈಕ್ವಲೈಸೇಶನ್. ಡೆನಾನ್ ಮತ್ತು ಮರಾಂಟ್ಜ್ ರಿಸೀವರುಗಳಲ್ಲಿ ಈ ವ್ಯವಸ್ಥೆಗೆ ಆಡಿಸ್ಸಿ ಎಂದು ಹೆಸರು. ಯಮಾಹಾದಲ್ಲಿ ವೈಪಿಎಒ, ಸೋನಿಯಲ್ಲಿ ಡಿಸಿಎಸಿ, ಆಂಕಿಯೋದ ಹಲವು ಮಾದರಿಗಳಲ್ಲಿ ಆಕ್ಯುಇಕ್ಯೂ, ಮೇಲ್ದರ್ಜೆಯವುಗಳಲ್ಲಿ ಡಿರಾಕ್ ಲೈವ್. ಹೆಸರು ಬೇರೆಯಾದರೂ ಕೆಲಸ ಮೂರೇ. ಪ್ರತಿ ಸ್ಪೀಕರಿನ ಸದ್ದು ಕುಳಿತ ಜಾಗಕ್ಕೆ ಒಂದೇ ಮಟ್ಟದಲ್ಲಿ ತಲುಪುವಂತೆ ಮಾಡುವುದು, ಹತ್ತಿರದ ಸ್ಪೀಕರನ್ನು ತಡೆದು ಎಲ್ಲವೂ ಒಂದೇ ಹೊತ್ತಿಗೆ ಬರುವಂತೆ ಮಾಡುವುದು, ಕೋಣೆ ಉಬ್ಬಿಸಿದ ಅಥವಾ ತಗ್ಗಿಸಿದ ಆವರ್ತನಗಳನ್ನು ತಿದ್ದುವುದು. ಮೊದಲ ಎರಡು ಸುಲಭ. ತೊಡಕೆಲ್ಲ ಮೂರನೆಯದರಲ್ಲಿ.

ಕೋಣೆ ಉಬ್ಬಿಸುವುದು ಹೇಗೆ? ಎದುರುಬದುರು ಗೋಡೆಗಳ ನಡುವೆ ಮಂದ್ರದ ಅಲೆ ಹೋಗಿ ಬರುತ್ತದೆ. ಕೋಣೆಯ ಉದ್ದ ಅಲೆಯ ಅರ್ಧ ಉದ್ದಕ್ಕೆ ಸರಿಹೊಂದಿದಾಗ ಆ ಒಂದು ಸ್ವರ ಕೊಡದೊಳಗೆ ಕೂಗಿದಂತೆ ಮೊಳಗುತ್ತದೆ. ಅಡಿ ಲೆಕ್ಕದಲ್ಲಿ ಮನೆ ಅಳೆಯುವ ನಮಗೆ ಸುಲಭದ ಸೂತ್ರವೊಂದಿದೆ. 562ನ್ನು ಕೋಣೆಯ ಉದ್ದದ ಅಡಿಗಳಿಂದ ಭಾಗಿಸಿದರೆ ಮೊದಲ ಮೊಳಗಿನ ಆವರ್ತನ ಹರ್ಟ್ಸ್‌ನಲ್ಲಿ ಸಿಗುತ್ತದೆ. ಶಬ್ದವು ಸೆಕೆಂಡಿಗೆ ಸುಮಾರು 1125 ಅಡಿ ಚಲಿಸುತ್ತದೆ, ಅದರ ಅರ್ಧವೇ ಈ ಸಂಖ್ಯೆ. ಭಾವಮೈದುನನ ಕೋಣೆ 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಅಂದರೆ ಸುಮಾರು 37, 47 ಮತ್ತು 56 ಹರ್ಟ್ಸ್‌ನಲ್ಲಿ ಅದು ಮೊಳಗಬೇಕು, ಹಾಗೆಯೇ ಮೊಳಗುತ್ತಿತ್ತು. ಕಾಂಕ್ರೀಟಿನ ಪೆಟ್ಟಿಗೆಯಿಂದ ಮಂದ್ರ ಹೊರಗೆ ಹೋಗಲು ದಾರಿಯಿಲ್ಲ. ನಮ್ಮ ಹಜಾರದಲ್ಲಿ ಹಂಚಿನ ಸಂದಿಯಿಂದ, ಅಟ್ಟದ ಹಲಗೆಯಿಂದ, ಜಗುಲಿಯ ಕಡೆ ತೆರೆದ ಬಾಗಿಲಿನಿಂದ ಅದು ಧಾರಾಳವಾಗಿ ಸೋರಿಹೋಗುತ್ತದೆ. ಹಾಗಾಗಿ ಹಳೆಯ ಮನೆಗಳಲ್ಲಿ ಮೊಳಗು ಕಡಿಮೆ, ಆದರೆ ಸಬ್‌ವೂಫರ್ ಹೆಚ್ಚು ದುಡಿಯಬೇಕು.

ಉಬ್ಬನ್ನು ಈಕ್ವಲೈಸೇಶನ್ ಚೆನ್ನಾಗಿ ಕಡಿಯುತ್ತದೆ. ತಗ್ಗಿನ ವಿಷಯ ಬೇರೆ. ನೇರ ಬಂದ ಅಲೆ ಮತ್ತು ಗೋಡೆಯಿಂದ ಮರಳಿದ ಅಲೆ ವಿರುದ್ಧವಾಗಿ ಸೇರಿ ಒಂದನ್ನೊಂದು ನುಂಗಿದ ಜಾಗದಲ್ಲಿ ನೀವು ಎಷ್ಟು ಶಕ್ತಿ ಹಾಕಿದರೂ ಮರಳುವ ಅಲೆಯೂ ಅಷ್ಟೇ ಬಲವಾಗುತ್ತದೆ. ಗದ್ದೆಯ ಬದುವಿನಲ್ಲಿ ಏಡಿ ತೂತು ಇದ್ದಾಗ ಮೇಲಿನಿಂದ ಎಷ್ಟು ನೀರು ಬಿಟ್ಟರೂ ಗದ್ದೆ ತುಂಬುವುದಿಲ್ಲವಲ್ಲ, ಹಾಗೆ. 3 ಡೆಸಿಬೆಲ್ ಏರಿಸಲು ಆಂಪ್ಲಿಫೈಯರಿನ ಶಕ್ತಿ ಇಮ್ಮಡಿಯಾಗಬೇಕು, 10 ಡೆಸಿಬೆಲ್‌ಗೆ ಹತ್ತು ಪಟ್ಟು. ಏಡಿ ತೂತಿಗೆ ಅಷ್ಟು ಸುರಿದರೆ ಬಿಸಿಯಾಗುವುದು ಆಂಪ್ಲಿಫೈಯರ್ ಮಾತ್ರ. ತಗ್ಗಿಗೆ ಇರುವ ಮದ್ದು ಜಾಗ ಬದಲಿಸುವುದು. ಆದ್ದರಿಂದ ಮೈಕನ್ನು ಹೊರತೆಗೆಯುವ ಮೊದಲು ಪೀಠೋಪಕರಣ ಎಳೆದಾಡುವ ಕೆಲಸವಿದೆ.

ಮೊದಲು ಸೋಫಾ, ಆಮೇಲೆ ಸ್ಪೀಕರ್

ಹಿಂದಿನ ಗೋಡೆಗೆ ತಲೆ ಆನಿಸಿ ಕುಳಿತರೆ ಮಂದ್ರ ಎಲ್ಲಕ್ಕಿಂತ ಹೆಚ್ಚು ಉಬ್ಬುತ್ತದೆ. ಕೋಣೆಯ ಉದ್ದದ ನಟ್ಟನಡುವೆ ಕುಳಿತರೆ ಮೊದಲ ಮೊಳಗಿನ ಸ್ವರವೇ ಮಾಯವಾಗುತ್ತದೆ. ಹಿಂದಿನ ಗೋಡೆಯಿಂದ ಉದ್ದದ ಮೂರನೆಯ ಒಂದು ಭಾಗದಷ್ಟು ಮುಂದೆ ಕುಳಿತುಕೊಳ್ಳುವುದು ಒಳ್ಳೆಯ ಆರಂಭ. ಹದಿನೈದು ಅಡಿಯ ಕೋಣೆಯಲ್ಲಿ ಐದು ಅಡಿ ಬಿಡಲು ಮನೆಯವರು ಒಪ್ಪುವುದಿಲ್ಲ ಎಂಬುದು ನನಗೂ ಗೊತ್ತು. ಎರಡು ಅಡಿ ಸಿಕ್ಕರೂ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ. ಭಾವಮೈದುನನ ಮನೆಯಲ್ಲಿ ಒಂದೂವರೆ ಅಡಿಗೆ ರಾಜಿಯಾಯಿತು.

ಮುಂದಿನ ಎಡಬಲ ಸ್ಪೀಕರುಗಳು ನಡುಗೆರೆಯಿಂದ ಆಚೀಚೆ 22ರಿಂದ 30 ಡಿಗ್ರಿಯೊಳಗೆ, ಪಕ್ಕದವು ಕಿವಿಗಿಂತ ಸ್ವಲ್ಪ ಹಿಂದೆ, 110 ಡಿಗ್ರಿಯ ಆಸುಪಾಸಿನಲ್ಲಿ ಇರಲಿ. ಮಾತು ಅಸ್ಪಷ್ಟ ಎಂದು ದೂರುವವರು ಮೊದಲು ನೋಡಬೇಕಾದದ್ದು ಮಾತು ಬರುವ ನಡುವಿನ ಸೆಂಟರ್ ಸ್ಪೀಕರನ್ನು. ಟಿವಿ ಕಪಾಟಿನ ಗೂಡಿನೊಳಗೆ ಅದನ್ನು ತಳ್ಳಿಟ್ಟರೆ ಗೂಡೇ ಡಬ್ಬದಂತೆ ದನಿಗೂಡಿಸುತ್ತದೆ. ಹಲಗೆಯ ಅಂಚಿನವರೆಗೆ ಮುಂದೆ ಎಳೆದು, ಅಡಿಯಲ್ಲಿ ಎರಡು ರಬ್ಬರ್ ತುಂಡು ಕೊಟ್ಟು ಮೂತಿಯನ್ನು ಕಿವಿಯ ಕಡೆಗೆ ಎತ್ತಿ. ನಮ್ಮ ಮನೆಯಲ್ಲಿ ಅಮ್ಮನ ಅರ್ಧ ದೂರು ಮುಗಿದದ್ದು ಈ ಎರಡು ರಬ್ಬರ್ ತುಂಡುಗಳಿಂದ.

ಸಬ್‌ವೂಫರಿಗೆ ಜಾಗ ಹುಡುಕುವ ಉಪಾಯ ನೋಡಲು ಹಾಸ್ಯಾಸ್ಪದ, ಫಲ ಮಾತ್ರ ನಿಜ. ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲಿ, ಸೋಫಾದ ಮೇಲೆಯೇ ಇಡಿ. ಮಂದ್ರದಲ್ಲಿ ಮೇಲೆ ಕೆಳಗೆ ಹೆಜ್ಜೆ ಹಾಕುವ ಒಂದು ಸಂಗೀತದ ತುಣುಕನ್ನು ಹಾಕಿ. ಆಮೇಲೆ ನೀವು ನೆಲದ ಮೇಲೆ ಅಂಬೆಗಾಲಿಡುತ್ತ ಗೋಡೆಯ ಉದ್ದಕ್ಕೂ ಹೋಗಿ, ಸಬ್‌ವೂಫರ್ ಇಡಲು ಸಾಧ್ಯವಿರುವ ಪ್ರತಿ ಜಾಗದಲ್ಲಿ ಕಿವಿಯನ್ನು ಕೆಳಗಿಟ್ಟು ಕೇಳಿ. ಎಲ್ಲಿ ಎಲ್ಲ ಸ್ವರಗಳೂ ಸಮನಾಗಿ ಕೇಳುತ್ತವೆಯೋ ಅಲ್ಲಿ ಸಬ್‌ವೂಫರ್ ಇಡಿ. ಮೂಲೆಯಲ್ಲಿ ಸದ್ದು ಅತಿ ಹೆಚ್ಚು, ಆದರೆ ಮೊಳಗುವುದೂ ಅಲ್ಲೇ ಹೆಚ್ಚು. ನಾನು ಹೀಗೆ ಹರಿದಾಡುತ್ತಿದ್ದಾಗ ಹಾಲು ಕೊಡಲು ಬಂದ ಹುಡುಗ ಏನು ಕಳೆದುಹೋಯಿತು ಎಂದು ಕೇಳಿ, ಹುಡುಕಲು ತಾನೂ ಬಗ್ಗಿದ.

ಇನ್ನು ಚಪ್ಪಾಳೆ ಪರೀಕ್ಷೆ. ಕೂರುವ ಜಾಗದಲ್ಲಿ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಹಿಂದೆಯೇ ಟರ್ರ್ ಎಂದು ಲೋಹದಂಥ ಮರುದನಿ ಬಂದರೆ ಎರಡು ಬರಿಗೋಡೆಗಳು ಒಂದಕ್ಕೊಂದು ಉತ್ತರಿಸುತ್ತಿವೆ ಎಂದರ್ಥ. ಕಾವಿ ನೆಲದ, ಸುಣ್ಣದ ಗೋಡೆಯ ಮನೆಗಳಲ್ಲಿ ಇದು ಬರುತ್ತದೆ. ಟೈಲ್ಸ್ ನೆಲದ ಪೇಟೆ ಮನೆಗಳಲ್ಲಿ ಇನ್ನೂ ಜೋರಾಗಿ ಬರುತ್ತದೆ. ಈಕ್ವಲೈಸೇಶನ್ ಇದನ್ನು ತಿದ್ದದು. ನೆಲಕ್ಕೆ ದಪ್ಪ ಜಮಖಾನ, ಕಿಟಕಿಗೆ ಮಡಿಕೆ ಹೆಚ್ಚಿರುವ ಪರದೆ, ಒಂದು ಪಕ್ಕದ ಗೋಡೆಗೆ ಪುಸ್ತಕದ ಕಪಾಟು ಸಾಕು. ಕುರಿಯ ಉಣ್ಣೆಯ ಕರಿ ಕಂಬಳಿಯನ್ನು ಗೋಡೆಗೆ ತೂಗುಹಾಕಿ ನೋಡಿದ್ದೇನೆ. ತಾರದ ಕರ್ಕಶ ತಗ್ಗುತ್ತದೆ, ಮಂದ್ರಕ್ಕೆ ಅದರಿಂದ ಏನೂ ಆಗುವುದಿಲ್ಲ. ಮಂದ್ರವನ್ನು ಹೀರಲು ಅಡಿಗಟ್ಟಲೆ ದಪ್ಪ ಬೇಕು.

ನಡುಗುವ ವಸ್ತುಗಳನ್ನೂ ಹಿಡಿಯಿರಿ. ಗಾಜಿನ ಚೌಕಟ್ಟಿನ ಹಿರಿಯರ ಭಾವಚಿತ್ರ, ಕಪಾಟಿನ ಬಾಗಿಲು, ಸಡಿಲ ಹೆಂಚು. ನಮ್ಮಲ್ಲಿ ಒಂದು ವರ್ಷ ಸಬ್‌ವೂಫರ್ ಹಾಳಾಗಿದೆ ಎಂದು ನಾನು ನಂಬಿದ್ದ ಕರಕರ ಸದ್ದು ಕೊನೆಗೆ ಅಜ್ಜನ ಫೋಟೋದಿಂದ ಬರುತ್ತಿತ್ತು.

ಅಳತೆಯ ಹೊತ್ತು

ಮೈಕಿಗೆ ನಮ್ಮ ಹಾಗೆ ಬೇಡದ್ದನ್ನು ಕೇಳದೆ ಬಿಡುವ ಜಾಣತನವಿಲ್ಲ. ಆಗುಂಬೆಯ ಸುತ್ತ ವರ್ಷಕ್ಕೆ 7000 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಹೆಂಚಿನ ಅಥವಾ ತಗಡಿನ ಮಾಡಿನ ಕೆಳಗೆ ಅಳತೆಯ ಆಸೆಯನ್ನೇ ಬಿಡಿ. ಮಳೆ ನಿಂತ ಸಂಜೆ ಕಪ್ಪೆ, ಬೇಸಿಗೆಯ ಇಳಿಹೊತ್ತು ಜೀರುಂಡೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಲಿಯುವ ಯಂತ್ರ. ನನಗೆ ಒದಗಿ ಬಂದ ಹೊತ್ತು ಚಳಿಗಾಲದ ಬೆಳಗಿನ ಹನ್ನೊಂದು ಗಂಟೆ. ಮನೆಯವರು ತೋಟದಲ್ಲಿರುತ್ತಾರೆ, ಜೀರುಂಡೆಯೂ ಸುಮ್ಮನಿರುತ್ತದೆ. ಶಿವಮೊಗ್ಗದಲ್ಲಾದರೆ ಭಾನುವಾರ ಬೆಳಗಿನ ಆರು ಗಂಟೆ ಒಳ್ಳೆಯದು. ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ, ಏಕೆಂದರೆ ಅಳತೆಯ ಸದ್ದು ಸಣ್ಣದಲ್ಲ.

ಫ್ಯಾನ್, ಫ್ರಿಜ್, ಪಂಪು ನಿಲ್ಲಿಸಿ. ಫ್ರಿಜ್ಜನ್ನು ಮತ್ತೆ ಹಾಕಲು ಮರೆಯದಂತೆ ಅದರೊಳಗೆ ಬೈಕಿನ ಕೀಲಿ ಇಡುವುದು ನನ್ನ ಪದ್ಧತಿ. ಬಾಗಿಲು ಕಿಟಕಿಗಳು ಸಿನಿಮಾ ನೋಡುವಾಗ ಹೇಗಿರುತ್ತವೆಯೋ ಹಾಗೆಯೇ ಇರಲಿ, ತೆರೆದ ಬಾಗಿಲು ಕೋಣೆಯ ಉದ್ದವನ್ನೇ ಬದಲಿಸಿಬಿಡುತ್ತದೆ. ಕರೆಂಟು ನಡುವೆ ಹೋದರೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಯುಪಿಎಸ್ ಇದ್ದರೆ ರಿಸೀವರನ್ನೂ ಸಬ್‌ವೂಫರನ್ನೂ ಅದಕ್ಕೆ ಸೇರಿಸಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮೋಡ ಕಟ್ಟಿದ್ದರೆ ಅಳತೆಯ ಮಾತೇ ಬೇಡ. ಪ್ಲಗ್ಗು, ಡಿಶ್ ಕೇಬಲ್ಲು, ನೆಟ್‌ವರ್ಕ್ ತಂತಿ ಮೂರನ್ನೂ ಕಿತ್ತಿಡಿ. ಸಿಡಿಲು ಬರುವುದು ಕರೆಂಟಿನ ತಂತಿಯಲ್ಲಿ ಮಾತ್ರವಲ್ಲ.

ಸಬ್‌ವೂಫರಿನ ಗುಂಡಿಗಳು

ಸಬ್‌ವೂಫರಿನ ಹಿಂಭಾಗದಲ್ಲಿ ಅದರದೇ ಕ್ರಾಸ್‌ಓವರ್ ಗುಂಡಿ (ಎಷ್ಟು ಆವರ್ತನದ ಕೆಳಗಿನ ಸದ್ದು ಸಬ್‌ವೂಫರಿಗೆ ಎಂದು ಕಡಿಯುವ ಗುಂಡಿ) ಇರುತ್ತದೆ. ಅದನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಅಥವಾ ಎಲ್‌ಎಫ್‌ಇ (ಸಿನಿಮಾದ ಮಂದ್ರಕ್ಕೆಂದೇ ಇರುವ ವಾಹಿನಿ) ಎಂಬ ಸ್ಥಾನವಿದ್ದರೆ ಅಲ್ಲಿಡಿ. ಆ ಕೆಲಸ ರಿಸೀವರ್ ಮಾಡುತ್ತದೆ, ಇಬ್ಬರು ಕಡಿದರೆ ನಡುವೆ ಹೊಂಡ ಬೀಳುತ್ತದೆ. ಫೇಸ್, ಅಂದರೆ ಅಲೆಯ ಏರಿಳಿತವನ್ನು ಹಿಂದುಮುಂದು ಮಾಡುವ ಗುಂಡಿ, ಸೊನ್ನೆಯಲ್ಲಿರಲಿ. ತಾನೇ ಆರುವ ಸೌಲಭ್ಯವನ್ನು ನಿಲ್ಲಿಸಿ, ಇಲ್ಲವಾದರೆ ಅಳತೆಯ ಹೊತ್ತಿಗೆ ಸಬ್‌ವೂಫರ್ ನಿದ್ದೆಯಲ್ಲಿರುತ್ತದೆ.

ವಾಲ್ಯೂಮ್ ಗುಂಡಿಯನ್ನು ಅರ್ಧದ ಹತ್ತಿರ ಇಟ್ಟು ಆರಂಭಿಸಿ. ಕೆಲವು ರಿಸೀವರುಗಳು ಅಳತೆಗೆ ಮುಂಚೆ ಸಬ್‌ವೂಫರಿನ ಮಟ್ಟವನ್ನು ಪರದೆಯ ಮೇಲೆ ತೋರಿಸಿ 75 ಡೆಸಿಬೆಲ್‌ಗೆ ತನ್ನಿ ಎನ್ನುತ್ತವೆ. ನಿಮ್ಮದು ಕೇಳದಿದ್ದರೆ ಅಳತೆ ಮುಗಿದ ಮೇಲೆ ಸಬ್‌ವೂಫರಿನ ಮಟ್ಟ ಎಷ್ಟಾಗಿದೆ ನೋಡಿ. ಅದು −12 ಎಂದಿದ್ದರೆ ರಿಸೀವರ್ ತನ್ನ ಕೊನೆಯ ಮಿತಿಗೆ ತಾಗಿದೆ. ಗುಂಡಿ ತಗ್ಗಿಸಿ ಮತ್ತೆ ಅಳೆಯಿರಿ.

ಮೈಕಿನ ಪಾಡು

ಇಲ್ಲಿ ಅವಸರ ಮಾಡಬೇಡಿ. ಇಡೀ ಕೆಲಸದ ಫಲ ನಿಂತಿರುವುದು ಈ ಅರ್ಧ ಗಂಟೆಯ ಮೇಲೆ.

ರಿಸೀವರ್ ಜೊತೆ ಬಂದ ಮೈಕನ್ನೇ ಬಳಸಿ. ಯಂತ್ರದ ಲೆಕ್ಕವೆಲ್ಲ ಆ ಮೈಕಿನ ಗುಣಕ್ಕೆ ಹೊಂದಿಸಿದ್ದು, ಬೇರೆ ರಿಸೀವರಿನ ಮೈಕ್ ಹಾಕಿದರೆ ತೂಕದ ಕಲ್ಲನ್ನೇ ಬದಲಿಸಿದಂತೆ. ಮೈಕನ್ನು ಕ್ಯಾಮೆರಾ ಟ್ರೈಪಾಡಿನ ಮೇಲೆ ನಿಲ್ಲಿಸಿ. ಟ್ರೈಪಾಡ್ ಇಲ್ಲದಿದ್ದರೆ ಊರಿನ ಫೋಟೋ ಸ್ಟುಡಿಯೋದವರ ಬಳಿ ಒಂದು ದಿನಕ್ಕೆ ಕೇಳಿ ತನ್ನಿ. ಡಬ್ಬಿಯೊಳಗೆ ಬರುವ ರಟ್ಟಿನ ಗೋಪುರವನ್ನೂ ಬಳಸಬಹುದು. ಕೈಯಲ್ಲಿ ಹಿಡಿಯುವುದು, ಸೋಫಾದ ಬೆನ್ನಿನ ಮೇಲೆ ಒರಗಿಸುವುದು ಬೇಡ; ಬೆನ್ನಿಗೆ ಬಡಿದು ಮರಳುವ ತಾರದ ಸದ್ದನ್ನೂ ಯಂತ್ರ ಸ್ಪೀಕರಿನ ದೋಷವೆಂದು ತಿಳಿದು ತಿದ್ದಲು ಹೋಗುತ್ತದೆ. ಚರ್ಮದ ಸೋಫಾಗೆ ದಪ್ಪ ಹೊದಿಕೆ ಹೊದಿಸಿ. ಬೆನ್ನಿನಿಂದ ಮೈಕಿಗೆ ಒಂದು ಗೇಣು ಅಂತರವಿರಲಿ.

ಎತ್ತರ, ಕುಳಿತಾಗ ನಿಮ್ಮ ಕಿವಿ ಎಷ್ಟು ಎತ್ತರದಲ್ಲಿರುತ್ತದೆಯೋ ಅಷ್ಟು. ನೆಲದ ಮೇಲೆ ಚಾಪೆ ಹಾಸಿ ಒರಗಿ ಸಿನಿಮಾ ನೋಡುವ ಮನೆಯಾದರೆ ಅಲ್ಲಿಯದೇ ಎತ್ತರ ಹಿಡಿಯಿರಿ, ಕಂಪನಿಯವರ ಚಿತ್ರದಲ್ಲಿ ಸೋಫಾ ಇದೆ ಎಂದು ಅದನ್ನೇ ಪಾಲಿಸಬೇಕಿಲ್ಲ. ಆಡಿಸ್ಸಿ ಮೈಕಿನ ಮೂತಿ ಮಾಡಿನ ಕಡೆಗೆ ಇರಬೇಕು.

ಮೊದಲ ಅಳತೆ ಮುಖ್ಯ ಆಸನದ ನಡುವಿನಲ್ಲಿ, ತಲೆ ಇರುವ ಕಡೆಯಲ್ಲೇ. ಆಡಿಸ್ಸಿಯಲ್ಲಿ ಅಂತರ ಮತ್ತು ಮಟ್ಟದ ಲೆಕ್ಕವೆಲ್ಲ ಈ ಮೊದಲ ಸ್ಥಾನವನ್ನು ಆಧರಿಸುತ್ತದೆ. ಉಳಿದವು ಆವರ್ತನದ ತಿದ್ದುಪಡಿಗೆ. ಆಡಿಸ್ಸಿಯ ದರ್ಜೆಗಳಲ್ಲಿ ಮಲ್ಟ್‌ಇಕ್ಯೂ ಆರು ಸ್ಥಾನಗಳನ್ನು ಸ್ವೀಕರಿಸುತ್ತದೆ. ಎಕ್ಸ್‌ಟಿ ಮತ್ತು ಎಕ್ಸ್‌ಟಿ32 ಎಂಟನ್ನು. ಮೂರೇ ಅಳತೆಗೆ ಮುಗಿಸಲು ಯಂತ್ರ ಬಿಡುತ್ತದೆ, ನೀವು ಬಿಡಬೇಡಿ. ಒಂದೇ ಜಾಗದ ಅಳತೆಯನ್ನು ನಂಬಿ ತಿದ್ದಿದರೆ ತಲೆಯನ್ನು ಒಂದು ಗೇಣು ಸರಿಸಿದಾಗ ತಿದ್ದುಪಡಿಯೇ ದೋಷವಾಗುತ್ತದೆ. ಹಲವು ಜಾಗಗಳಲ್ಲಿ ಸಮಾನವಾಗಿರುವುದನ್ನು ಮಾತ್ರ ಯಂತ್ರ ಹಿಡಿಯಲಿ ಎಂಬುದು ಈ ಸುತ್ತಾಟದ ಅರ್ಥ.

ಎಂಟು ಸ್ಥಾನಗಳನ್ನು ಹೀಗೆ ಹಂಚುತ್ತೇನೆ. ಒಂದು ನಡುವೆ. ಎರಡು ಮತ್ತು ಮೂರು ಎಡಕ್ಕೂ ಬಲಕ್ಕೂ ಒಂದೂವರೆಯಿಂದ ಎರಡು ಅಡಿ. ನಾಲ್ಕು, ಐದು, ಆರು ಅದೇ ಮೂರರ ಮುಂದೆ, ಒಂದೂವರೆ ಅಡಿ ಅಂತರದಲ್ಲಿ. ಏಳು ನಡುವಿನ ಸ್ಥಾನದಿಂದ ಮೂರು ಬೆರಳು ಮೇಲೆ, ಎಂಟು ನಡುವಿನಿಂದ ಸ್ವಲ್ಪ ಹಿಂದೆ, ಸೋಫಾ ಬೆನ್ನಿಗೆ ತಾಗದಂತೆ. ಮನೆಮಂದಿಗೆಲ್ಲ ನ್ಯಾಯ ಸಲ್ಲಿಸುತ್ತೇನೆಂದು ಗೋಡೆ ಪಕ್ಕದ ಕುರ್ಚಿಯವರೆಗೂ ಮೈಕ್ ಒಯ್ಯಬೇಡಿ. ಅಲ್ಲಿನ ವಿಕಾರ ಸರಾಸರಿಗೆ ಸೇರಿ ನಡುವಿನವರ ಸದ್ದೂ ಕೆಡುತ್ತದೆ.

ಅಳತೆ ನಡೆಯುವಾಗ ಕೋಣೆಯಿಂದ ಹೊರಗೆ ಹೋಗಿ, ಅಥವಾ ಸ್ಪೀಕರಿಗೂ ಮೈಕಿಗೂ ನಡುವೆ ಬಾರದಂತೆ ಮೂಲೆಯಲ್ಲಿ ಕೆಮ್ಮದೆ ಕೂತಿರಿ. ನಾಯಿಯನ್ನು ತೋಟಕ್ಕೆ ಕಳಿಸಿ. ನಮ್ಮ ನಾಯಿ ಆ ಸುಯ್ಯೆನ್ನುವ ಸದ್ದಿಗೆ ಪ್ರತಿ ಸಲವೂ ಉತ್ತರ ಕೊಡುತ್ತದೆ.

ಯಂತ್ರದ ಉತ್ತರಪತ್ರಿಕೆ ತಿದ್ದುವುದು

ಲೆಕ್ಕ ಮುಗಿದ ಮೇಲೆ ಯಂತ್ರ ಹೇಳಿದ್ದನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಆದರೆ ಎಲ್ಲಿ ಕೈ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದು ತಿಳಿದಿರಬೇಕು.

ಒಂದು ಸ್ಪೀಕರಿನ ಫೇಸ್ ತಿರುಗಿದೆ ಎಂಬ ಎಚ್ಚರಿಕೆ ಬಂದರೆ ತಂತಿಯ ಕೆಂಪು ಕಪ್ಪು ತುದಿಗಳನ್ನು ಎರಡೂ ಕಡೆ ನೋಡಿ. ಸರಿಯಿದ್ದರೆ ಎಚ್ಚರಿಕೆಯನ್ನು ಬದಿಗಿಟ್ಟು ಮುಂದುವರಿಯಿರಿ. ಕೆಲವು ಸ್ಪೀಕರುಗಳ ಒಳಗಿನ ಜೋಡಣೆಯೇ ಹಾಗಿರುತ್ತದೆ.

ಅಂತರಗಳನ್ನು ನೋಡಿ. ಮುಂದಿನ ಸ್ಪೀಕರುಗಳದು ಟೇಪಿನ ಅಳತೆಗೆ ಹತ್ತಿರವಿರುತ್ತದೆ. ಸಬ್‌ವೂಫರ್ ಮಾತ್ರ ಹತ್ತು ಅಡಿಯಲ್ಲಿದ್ದರೂ ಹದಿನಾರು ಹದಿನೇಳು ಅಡಿ ಎಂದು ತೋರಿಸಬಹುದು. ತಪ್ಪೆಂದು ತಿದ್ದಿಬಿಡುವವರನ್ನು ಕಂಡಿದ್ದೇನೆ, ನಾನೂ ಒಮ್ಮೆ ತಿದ್ದಿದ್ದೆ. ಸಬ್‌ವೂಫರಿನ ಒಳಗಿನ ಸರ್ಕ್ಯೂಟು ಸದ್ದನ್ನು ತಡಮಾಡಿ ಕಳಿಸುತ್ತದೆ, ಆ ತಡವನ್ನು ಯಂತ್ರ ಅಡಿಯಾಗಿ ಬರೆಯುತ್ತದೆ. ಹಾಗೆಯೇ ಬಿಡಿ.

ಇನ್ನು ಸ್ಪೀಕರಿನ ಗಾತ್ರ. ಮುಂದಿನ ಸ್ಪೀಕರುಗಳು ಸ್ವಲ್ಪ ಮಂದ್ರ ಕೊಟ್ಟರೆ ಸಾಕು, ಯಂತ್ರ ಅವನ್ನು ದೊಡ್ಡವೆಂದು ಗುರುತಿಸಿಬಿಡುತ್ತದೆ. ಸಬ್‌ವೂಫರ್ ಇರುವ ಮನೆಯಲ್ಲಿ ಎಲ್ಲವನ್ನೂ ಸಣ್ಣ ಎಂದು ಬದಲಿಸಿ. ಸಣ್ಣ ಎಂದರೆ ಅವಮಾನವಲ್ಲ, ಮಂದ್ರದ ಹೊರೆಯನ್ನು ಸಬ್‌ವೂಫರಿಗೆ ದಾಟಿಸು ಎಂಬ ಆಜ್ಞೆ. ಕ್ರಾಸ್‌ಓವರ್ 80 ಹರ್ಟ್ಸ್ ಹೆಚ್ಚಿನ ಮನೆಗಳಿಗೆ ಹೊಂದುತ್ತದೆ. ಅಂಗೈಯಗಲದ ಸ್ಪೀಕರುಗಳಿಗೆ 100 ಅಥವಾ 120. ಯಂತ್ರ 40 ಎಂದದ್ದನ್ನು 80ಕ್ಕೆ ಏರಿಸಬಹುದು. 110 ಎಂದದ್ದನ್ನು 80ಕ್ಕೆ ಇಳಿಸಬಾರದು. ಸ್ಪೀಕರಿನ ಶಕ್ತಿ ಕುಸಿಯುತ್ತದೆ ಎಂದು ಕಂಡ ಆವರ್ತನದ ಕೆಳಗೆ ಆಡಿಸ್ಸಿ ತಿದ್ದುಪಡಿಯನ್ನೇ ಮಾಡಿರುವುದಿಲ್ಲ. ಎಲ್‌ಎಫ್‌ಇ ವಾಹಿನಿಯ ಮಿತಿ 120 ಹರ್ಟ್ಸ್ ಆಗಿಯೇ ಇರಲಿ. ಮಂದ್ರವನ್ನು ಸಬ್‌ವೂಫರಿಗೂ ಮುಂದಿನ ಸ್ಪೀಕರುಗಳಿಗೂ ಒಟ್ಟಿಗೆ ಕಳಿಸುವ ಆಯ್ಕೆಯನ್ನು ಮುಟ್ಟಬೇಡಿ, ಅದು ಒಂದೇ ಗದ್ದೆಗೆ ಎರಡು ಕಡೆಯಿಂದ ನೀರು ಬಿಟ್ಟು ಕೆಸರು ಮಾಡಿದಂತೆ.

ಯಾವ ಬಗೆಯ ಸದ್ದು

ಯಮಾಹಾದಲ್ಲಿ ಫ್ಲಾಟ್, ಫ್ರಂಟ್, ನ್ಯಾಚುರಲ್ ಎಂಬ ಆಯ್ಕೆಗಳಿವೆ. ಮುಂದಿನ ಸ್ಪೀಕರುಗಳು ಒಳ್ಳೆಯವಾಗಿದ್ದರೆ ಫ್ರಂಟ್ ಇಡಿ, ಉಳಿದವು ಅವುಗಳ ದನಿಗೆ ಹೊಂದಿಕೊಳ್ಳುತ್ತವೆ. ಆಡಿಸ್ಸಿಯಲ್ಲಿ ರೆಫರೆನ್ಸ್ ಎಂಬುದು ತಾರವನ್ನು ಮೆಲ್ಲಗೆ ಇಳಿಸುತ್ತದೆ, 2 ಕಿಲೋಹರ್ಟ್ಸ್ ಸುತ್ತ ಬೇಕೆಂದೇ ಒಂದು ಸಣ್ಣ ತಗ್ಗನ್ನೂ ಇಡುತ್ತದೆ. ನನ್ನ ಕಿವಿಗೆ ಆ ತಗ್ಗಿನಿಂದ ಮಾತಿನ ಅಂಚು ಮೊಂಡಾಗುತ್ತದೆ. ಹಣ ಕೊಟ್ಟು ಪಡೆಯುವ ಮಲ್ಟ್‌ಇಕ್ಯೂ ಎಡಿಟರ್ ಆ್ಯಪ್‌ನಲ್ಲಿ ಮಿಡ್‌ರೇಂಜ್ ಕಾಂಪೆನ್ಸೇಶನ್ ಎಂಬ ಈ ತಗ್ಗನ್ನು ನಿಲ್ಲಿಸಿಬಿಡಬಹುದು. ಅದೇ ಆ್ಯಪ್‌ನಲ್ಲಿ ತಿದ್ದುಪಡಿ ಎಲ್ಲಿಯವರೆಗೆ ಇರಬೇಕೆಂಬ ಮಿತಿಯನ್ನೂ ಹಾಕಬಹುದು. ನಾನು 400 ಹರ್ಟ್ಸ್‌ಗೆ ನಿಲ್ಲಿಸಿದ್ದೇನೆ. ಕೋಣೆಯ ಅನ್ಯಾಯವೆಲ್ಲ ಅದಕ್ಕಿಂತ ಕೆಳಗೆ, ಮೇಲಿನದು ಬಹುಪಾಲು ಸ್ಪೀಕರಿನ ಸ್ವಂತ ದನಿ. ಒಳ್ಳೆಯ ಸ್ಪೀಕರಿನ ದನಿಯನ್ನು ಯಂತ್ರ ತಿದ್ದುವುದು ನನಗೆ ಒಗ್ಗದು. ಅಗ್ಗದ ಸ್ಪೀಕರುಗಳಿಗೆ ಪೂರ್ತಿ ತಿದ್ದುಪಡಿಯೇ ಲಾಭ. ಎರಡನ್ನೂ ಕೇಳಿ ನೋಡಿ. ಡಿರಾಕ್‌ನಲ್ಲಿ ಇದೇ ಕೆಲಸವನ್ನು ಪರದೆಯ ಮೇಲೆ ಗೆರೆ ಎಳೆದು ಮಾಡಬಹುದು, ಮಂದ್ರದ ಕಡೆ ಗೆರೆಯನ್ನು ನಾಲ್ಕೈದು ಡೆಸಿಬೆಲ್ ಏರಿಸಿಕೊಂಡರೆ ಸದ್ದಿಗೆ ಮೈ ಬರುತ್ತದೆ. ಪೂರ್ತಿ ಸಪಾಟಾದ ಗೆರೆ ನೋಡಲು ಚೆಂದ, ಕೇಳಲು ತೆಳು.

ಆಡಿಸ್ಸಿಯಲ್ಲಿ ಡೈನಾಮಿಕ್ ಇಕ್ಯೂ ಎಂಬ ಇನ್ನೊಂದು ಆಯ್ಕೆಯಿದೆ. ಸಿನಿಮಾ ಧ್ವನಿಯ ಪ್ರಮಾಣ ಮಟ್ಟದಲ್ಲಿ ಸರಾಸರಿ 85 ಡೆಸಿಬೆಲ್ ಇರುತ್ತದೆ. ಶಿಖರದಲ್ಲಿ ಮುಖ್ಯ ವಾಹಿನಿಗಳಿಗೆ 105, ಎಲ್‌ಎಫ್‌ಇಗೆ 115. ಆ ಮಟ್ಟದಲ್ಲಿ ಮನೆಯಲ್ಲಿ ಯಾರೂ ಕೇಳುವುದಿಲ್ಲ. ವಾಲ್ಯೂಮ್ ಇಳಿಸಿದಂತೆ ನಮ್ಮ ಕಿವಿಗೆ ಮಂದ್ರ ಬೇಗ ಕಾಣೆಯಾಗುತ್ತದೆ, ಡೈನಾಮಿಕ್ ಇಕ್ಯೂ ಅದನ್ನು ತುಂಬಿಕೊಡುತ್ತದೆ. ಮಕ್ಕಳು ಮಲಗಿದ ಮೇಲೆ ಸಣ್ಣ ಸದ್ದಿನಲ್ಲಿ ನೋಡುವವರಿಗೆ ಇದು ವರ. ಟಿವಿ ಕಾರ್ಯಕ್ರಮಕ್ಕೆ ಮಾತ್ರ ಇದು ಅತಿಯಾಗುತ್ತದೆ, ವಾರ್ತೆ ಓದುವವರ ಎದೆಯೊಳಗೆ ನಗಾರಿ ಇಟ್ಟಂತೆ ಕೇಳುತ್ತದೆ. ಆಗ ಅದರ ಬಲವನ್ನು ತಗ್ಗಿಸುವ ರೆಫರೆನ್ಸ್ ಲೆವೆಲ್ ಆಫ್‌ಸೆಟ್ ಅನ್ನು 10 ಅಥವಾ 15ಕ್ಕೆ ಇಡಿ, ಸಿನಿಮಾಕ್ಕೆ ಸೊನ್ನೆ ಅಥವಾ 5.

ಕಿವಿಯ ತೀರ್ಪು

ಯಂತ್ರ ಇಟ್ಟ ಸಬ್‌ವೂಫರ್ ಮಟ್ಟ ಬಹಳ ಮಂದಿಗೆ ಸಪ್ಪೆ ಎನಿಸುತ್ತದೆ. 2ರಿಂದ 4 ಡೆಸಿಬೆಲ್ ಏರಿಸಿಕೊಳ್ಳಿ, ಆದರೆ ಎರಡು ದಿನ ಹಾಗೆಯೇ ಕೇಳಿ ಒಗ್ಗಿದ ಮೇಲೆ. ಅಳತೆಗೆ ಮುಂಚಿನ ಉಬ್ಬಿದ ಮಂದ್ರಕ್ಕೆ ಕಿವಿ ಒಗ್ಗಿಹೋಗಿರುತ್ತದೆ, ಉಪ್ಪು ಹೆಚ್ಚು ತಿನ್ನುವವನಿಗೆ ಹದವಾದ ಸಾರು ಸಪ್ಪೆಯಾದಂತೆ.

ಪರೀಕ್ಷೆಗೆ ಸ್ಫೋಟದ ದೃಶ್ಯ ಬೇಡ. ಅಸಲು ಸ್ಫೋಟ ಹೇಗಿರುತ್ತದೆ ಎಂದು ನಮ್ಮಲ್ಲಿ ಯಾರಿಗೆ ಗೊತ್ತು? ಚಂಡೆ ಗೊತ್ತು. ಬಯಲಾಟದಲ್ಲಿ ಹತ್ತು ಮಾರು ದೂರದಿಂದ ಕೇಳಿದ ಚಂಡೆಯ ಏಟು ಹೇಗೆ ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುತ್ತದೆ ಎಂಬುದು ಮಲೆನಾಡಿನವರ ಕಿವಿಯಲ್ಲಿ ಕುಳಿತಿದೆ. ಒಳ್ಳೆಯ ಧ್ವನಿಮುದ್ರಣವೊಂದನ್ನು ಹಾಕಿ. ಏಟು ಸ್ಪಷ್ಟವಾಗಿ ಬಿಡಿಸಿಕೊಂಡು ಬರಬೇಕು. ಮದ್ದಳೆಯ ಎಡಭಾಗದ ಗುಮುಕು ಚಂಡೆಯ ಹಿಂದೆ ಬಾಲದಂತೆ ಎಳೆದುಕೊಂಡು ಬಂದರೆ ಸಬ್‌ವೂಫರ್ ಹೆಚ್ಚಾಗಿದೆ ಅಥವಾ ಕ್ರಾಸ್‌ಓವರ್ ಹೊಂದಿಲ್ಲ. ಭಾಗವತರ ದನಿ ಎದೆಯಿಂದ ಬರಬೇಕು, ಮೂಗಿನಿಂದ ಬಂದರೆ ಸೆಂಟರ್ ಸ್ಪೀಕರನ್ನು ಮತ್ತೆ ನೋಡಿ. ಆಮೇಲೆ ತಂಬೂರಿ. ಷಡ್ಜ, ಪಂಚಮ, ಮಂದ್ರ ಷಡ್ಜ ಮೂರರಲ್ಲಿ ಒಂದೇ ತಂತಿ ಎದ್ದು ಕೇಳಿದರೆ ಅಲ್ಲೊಂದು ಉಬ್ಬು ಉಳಿದಿದೆ.

ತಿದ್ದುಪಡಿ ಹಾಕಿ, ತೆಗೆದು ಹೋಲಿಸುವಾಗ ಒಂದು ಮೋಸವಿದೆ. ತಿದ್ದುಪಡಿ ತೆಗೆದಾಗ ಉಬ್ಬುಗಳು ಮರಳಿ ಸದ್ದು ಜೋರಾಗುತ್ತದೆ, ಜೋರಾದದ್ದು ಯಾರಿಗಾದರೂ ಮೊದಲು ಚೆಂದವೇ. ವಾಲ್ಯೂಮನ್ನು ಸರಿದೂಗಿಸಿ ಕೇಳಿ.

ಇದರಿಂದಲೂ ತೃಪ್ತಿಯಾಗದ ನನ್ನಂಥವರಿಗೆ ರೂಮ್ ಇಕ್ಯೂ ವಿಝಾರ್ಡ್ ಎಂಬ ಉಚಿತ ತಂತ್ರಾಂಶವಿದೆ. ಮಿನಿಡಿಎಸ್‌ಪಿಯ ಯುಮಿಕ್-1ರಂಥ ಯುಎಸ್‌ಬಿ ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸಿದರೆ ಯಂತ್ರ ಮಾಡಿದ್ದನ್ನು ಕಣ್ಣಾರೆ ನೋಡಬಹುದು. ಸಬ್‌ವೂಫರನ್ನು ಒಂದು ಅಡಿ ಸರಿಸುವುದು, ಗೆರೆ ನೋಡುವುದು, ಮತ್ತೆ ಸರಿಸುವುದು. ನಮ್ಮ ಹಜಾರದಲ್ಲಿ 60 ಹರ್ಟ್ಸ್ ಹತ್ತಿರವಿದ್ದ ಒಂದು ಆಳದ ತಗ್ಗು ಸಬ್‌ವೂಫರನ್ನು ಮೂಲೆಯಿಂದ ನಾಲ್ಕು ಅಡಿ ಎಳೆದಾಗ ಮುಚ್ಚಿಹೋಯಿತು. ಅದಕ್ಕೆ ಮೊದಲು ಮೂರು ಸಲ ಈಕ್ವಲೈಸೇಶನ್ ಮಾಡಿಸಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

ಮತ್ತೆ ಯಾವಾಗ ಅಳೆಯಬೇಕು

ಸ್ಪೀಕರ್ ಸರಿಸಿದಾಗ, ಸೋಫಾ ಬದಲಿಸಿದಾಗ, ಪರದೆ ಹಾಕಿದಾಗ. ಮಳೆಗಾಲದಲ್ಲಿ ಮೈಕಿಗೂ ಸ್ಪೀಕರಿನ ಕಾಗದದ ಕೋನಿಗೂ ಬೂಸಲು ಹಿಡಿಯದಂತೆ ನೋಡಿಕೊಳ್ಳಿ. ಮೈಕನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ವ್ಯವಸ್ಥೆಯನ್ನು ದಿನಕ್ಕೆ ಅರ್ಧ ಗಂಟೆಯಾದರೂ ನುಡಿಸುತ್ತಿರಿ.

ನಮ್ಮ ಮನೆಯಲ್ಲಿ ಮತ್ತೆ ಅಳೆಯಲು ಇನ್ನೊಂದು ಕಾರಣವೂ ಇದೆ. ಕೊಯ್ಲು ಮುಗಿದು ಒಣಗಿದ ಅಡಿಕೆಯ ಮೂಟೆಗಳು ಹಜಾರದ ಹಿಂದಿನ ಗೋಡೆಗೆ ಆಳೆತ್ತರ ಪೇರಿಸಿರುವ ತಿಂಗಳುಗಳಲ್ಲಿ ಚಪ್ಪಾಳೆಯ ಮರುದನಿಯೇ ಇರುವುದಿಲ್ಲ, ಸದ್ದು ವರ್ಷದಲ್ಲೇ ಅತ್ಯುತ್ತಮವಾಗಿರುತ್ತದೆ. ಆ ದಿನಗಳ ಅಳತೆಯನ್ನು ಆ್ಯಪ್‌ನಲ್ಲಿ ಬೇರೆ ಹೆಸರಿನಲ್ಲಿ ಉಳಿಸಿಟ್ಟಿದ್ದೇನೆ. ಧಾರಣೆ ಏರಲಿ ಎಂದು ಅಪ್ಪ ಕಾಯುತ್ತಾರೆ, ಇನ್ನೊಂದು ವಾರ ಕಾಯೋಣ ಎಂದು ನಾನೂ ಪ್ರತಿ ವರ್ಷ ಅವರ ಮಾತಿಗೆ ದನಿಗೂಡಿಸುತ್ತೇನೆ. ಮೂಟೆಗಳು ಶಿವಮೊಗ್ಗದ ಮಂಡಿಗೆ ಹೊರಟ ಮರುದಿನ ಬೆಳಗ್ಗೆ ಹನ್ನೊಂದಕ್ಕೆ ಫ್ರಿಜ್ ನಿಲ್ಲಿಸಿ, ಕೀಲಿ ಒಳಗಿಟ್ಟು, ಟ್ರೈಪಾಡ್ ತೆಗೆಯುತ್ತೇನೆ.